ಸೋಮಾರಿ ಎದ್ದ ವಾರ

ಡಾಕ್ಟರು ನಮ್ಮ ಡೆಲ್ಫೀನಾ ತೀಯಾಗೆ, ಅಂದರೆ ಡೆಲ್ಫೀನಾ ಚಿಕ್ಕಮ್ಮನಿಗೆ, ಹೇಳಿದ್ದು ಒಂದೇ ಮಾತು, ಬಯಲು ಬಿಟ್ಟು ಕೆಳಗಿಳಿ ಅಂತ. ಅವಳ ಶ್ವಾಸಕೋಶ ತಿಂಗಳಿಂದ ತಿಂಗಳಿಗೆ ಪೆಡಸಾಗುತ್ತಿತ್ತು. ನಾವಿರುವ ನ್ಯೂ ಮೆಕ್ಸಿಕೋದ ಈ ಎತ್ತರದ ಬಯಲಿನಲ್ಲಿ ಗಟ್ಟಿಮುಟ್ಟಾದವರಿಗೇ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಸ್ಯಾನ್ ಆಂಟೋನಿಯೋದಲ್ಲಿರುವ ಮಗಳು ಇನೆಸ್ ಮನೆಯ ಕೆಳ ಅಂತಸ್ತಿನಲ್ಲಿ ಒಂದು ಕೋಣೆ ತೆರವು ಮಾಡಿ, ಹಾಸಿಗೆ ಹಾಕಿ, ವಾರಕ್ಕೆರಡು ಸಲ ಫೋನ್ ಮಾಡಿ ಅಳುತ್ತಿದ್ದಳು. ತೀಯಾ ಜಗ್ಗಲಿಲ್ಲ. ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು, ಗಾಲಿಯ ಮೇಲಿನ ಸಿಲಿಂಡರನ್ನು ಹಿಂದೆ ಎಳೆದುಕೊಂಡು, ತನ್ನ ಮಣ್ಣುಗೋಡೆಯ ಮನೆಯಲ್ಲೇ ಕೂತಳು. ಸೋಮಾರಿ ಏಳಲಿ, ಆಮೇಲೆ ಎಲ್ಲಿಗೆ ಬೇಕಾದರೂ ಬರುತ್ತೇನೆ ಎಂದಳು.

ಸೋಮಾರಿ ಎಂದರೆ ಮನುಷ್ಯರಲ್ಲ, ಒಂದು ಕಪ್ಪುರಂಧ್ರ. ಆಕಾಶಕಾಯಗಳ ಪಟ್ಟಿಯಲ್ಲಿ ಅದಕ್ಕೆ ಅಕ್ಷರ ಅಂಕಿ ಎಲ್ಲ ಕಲಸಿದ ಉದ್ದನೆಯ ಹೆಸರಿದೆ, ಅದನ್ನು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಖಗೋಳ ವಿಜ್ಞಾನಿಯಾದ ತೀಯಾ ಅದನ್ನು ಸ್ಪ್ಯಾನಿಷಿನಲ್ಲಿ ‘ಪೆರೆಸೋಸಾ’ ಎಂದು ಕರೆದಳು, ಸೋಮಾರಿ ಹೆಂಗಸು ಅಂತ. ಆ ಹೆಸರು ನಮ್ಮ ರೇಡಿಯೋ ದೂರದರ್ಶಕದ ಕಂಟ್ರೋಲ್ ರೂಮಿನಲ್ಲೂ ನಿಂತಿತು. ಅದರ ಪಕ್ಕದಲ್ಲಿ ಒಂದು ಬಡಪಾಯಿ ನಕ್ಷತ್ರವಿದೆ. ಅದರ ಮೈಯಿಂದ ರಂಧ್ರ ಅನಿಲವನ್ನು ಎಳೆಯುತ್ತಲೇ ಇರುತ್ತದೆ. ಎಳೆದದ್ದು ನೆಟ್ಟಗೆ ಹೋಗಿ ಒಳಗೆ ಬೀಳುವುದಿಲ್ಲ, ಸುತ್ತುತ್ತ ಸುತ್ತುತ್ತ ಒಂದು ದೊಡ್ಡ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ವರ್ಷಗಟ್ಟಲೆ ಆ ತಟ್ಟೆ ತಣ್ಣಗೆ ತುಂಬುತ್ತ ಹೋಗುತ್ತದೆ. ಮಿತಿ ಮೀರಿದ ದಿನ ಬಿಸಿಯಾಗಿ, ಇಡೀ ತಟ್ಟೆ ಒಳಕ್ಕೆ ಜಾರಲು ಶುರು. ಅದೇ ಸೋಮಾರಿ ಏಳುವುದು. ಒಳಸುತ್ತಿಗೆ ವೇಗ ಹೆಚ್ಚು, ಹೊರಸುತ್ತಿಗೆ ಕಡಿಮೆ, ಒಂದನ್ನೊಂದು ಉಜ್ಜಿಕೊಂಡು ಲಕ್ಷಗಟ್ಟಲೆ ಡಿಗ್ರಿ ಕಾಯುತ್ತದೆ. ಅಷ್ಟು ಕಾದದ್ದರಿಂದ ಹೊರಡುವ ಬೆಳಕು ಕಣ್ಣಿಗೆ ಕಾಣುವ ಬೆಳಕಲ್ಲ, ಎಕ್ಸ್-ರೇ.

ಆ ಎಕ್ಸ್-ರೇಯಲ್ಲೂ ಎರಡು ಬಗೆ, ನೀರಿನಲ್ಲಿ ಇರುವ ಹಾಗೆ ಗಡಸು ಮತ್ತು ಮೆದು. ತಟ್ಟೆಯಿಂದ ಬರುವುದು ಮೆದು. ರಂಧ್ರದ ಬಾಯಿಯ ಹತ್ತಿರ ತಟ್ಟೆಗಿಂತ ಎಷ್ಟೋ ಪಾಲು ಬಿಸಿಯಾದ ತೆಳ್ಳನೆಯ ಮೋಡವೊಂದಿರುತ್ತದೆ, ಅದರಿಂದ ಬರುವುದು ಗಡಸು. ಸೋಮಾರಿ ಎದ್ದಾಗ ಮೊದಲು ಎಲ್ಲವೂ ಗಡಸೇ. ಕೆಲವು ದಿನ ಕಳೆದ ಮೇಲೆ ಒಂದು ಗಳಿಗೆ ಬರುತ್ತದೆ, ಮೋಡ ಇಲ್ಲವಾಗುತ್ತದೆ, ಗಡಸು ಹೋಗಿ ಮೆದುವಾಗುತ್ತದೆ. ಅದೇ ಸುಮಾರಿಗೆ ರಂಧ್ರದ ಮೇಲಕ್ಕೂ ಕೆಳಕ್ಕೂ ಅನಿಲದ ಉಂಡೆಗಳು ಬೆಳಕಿನ ವೇಗಕ್ಕೆ ಸ್ವಲ್ಪವೇ ಕಡಿಮೆ ವೇಗದಲ್ಲಿ ಚಿಮ್ಮುತ್ತವೆ. ಅದೇ ಜೆಟ್. ಎಲ್ಲವನ್ನೂ ನುಂಗುತ್ತದೆ ಎಂದು ಹೆಸರಾದದ್ದು ಬಾಯಿತನಕ ಬಂದದ್ದನ್ನು ಉಗಿಯುತ್ತದೆ. ಎಕ್ಸ್-ರೇ ಹಿಡಿಯುವುದು ಮೇಲಿರುವ ಉಪಗ್ರಹ, ಜೆಟ್ಟಿನ ರೇಡಿಯೋ ಅಲೆಯನ್ನು, ನಮ್ಮ ಮಾತಿನಲ್ಲಿ ಅದರ ಸದ್ದನ್ನು, ಹಿಡಿಯುವುದು ನಮ್ಮ ಬಯಲಿನ ರೇಡಿಯೋ ಡಿಶ್‌ಗಳು.

ತೀಯಾಳ ಇಡೀ ಬಾಳು ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಚಿಮ್ಮಿದ್ದು ಮೊದಲೋ, ಮೆದುವಾದದ್ದು ಮೊದಲೋ? ಲೋಕವೆಲ್ಲ ಹೇಳುವುದು, ತಟ್ಟೆ ಒಳಕ್ಕೆ ನುಗ್ಗಿ ಎಕ್ಸ್-ರೇ ಮೆದುವಾಗುತ್ತದೆ, ಆ ನೂಕಾಟದಲ್ಲಿ ಮೋಡ ಚಿಮ್ಮುತ್ತದೆ ಎಂದು. ತೀಯಾ ಹೇಳುವುದು, ಇಲ್ಲ, ಮೋಡವೇ ಮೊದಲು ಕಿತ್ತುಕೊಂಡು ಹೋಗುತ್ತದೆ, ತೆರವಾದ ಜಾಗಕ್ಕೆ ತಟ್ಟೆ ಬರುತ್ತದೆ ಎಂದು. ಹೊರಗಿನವರಿಗೆ ಇದೂ ಒಂದು ಜಗಳವೇ ಅನ್ನಿಸಬಹುದು. ಇದಕ್ಕಾಗಿ ಒಂದೇ ಊಟದ ಮೇಜಿನಲ್ಲಿ ಕೂರದ ಜನರನ್ನು ನಾನು ನೋಡಿದ್ದೇನೆ. ಒಬ್ಬ ದೊಡ್ಡ ಮನುಷ್ಯ ತುಂಬಿದ ಸಭೆಯಲ್ಲಿ ಅವಳಿಗೆ, ಗಾಡಿಯನ್ನು ಕುದುರೆಯ ಮುಂದೆ ಕಟ್ಟಿದ್ದೀರಿ ಮೇಡಂ ಎಂದು ಹೇಳಿ ಎಲ್ಲರನ್ನೂ ನಗಿಸಿದ್ದ. ತೀಯಾ ಮೈಕು ತೆಗೆದುಕೊಂಡು, ನಿಮ್ಮ ಕುದುರೆ ಎಲ್ಲಿದೆ ತೋರಿಸಿ, ನನಗೆ ಕಾಣೋದು ಒಂದು ಕತ್ತೆ ಮಾತ್ರ ಎಂದಳಂತೆ. ಅವಳ ವಿದ್ಯೆಗಿಂತ ಈ ಮಾತೇ ಹೆಚ್ಚು ದೂರ ಹೋಯಿತು.

ಬೇರೆ ರಂಧ್ರಗಳಲ್ಲಿ ಈ ಎರಡೂ ಎಷ್ಟು ಒತ್ತೊತ್ತಾಗಿ ಆಗುತ್ತವೆಂದರೆ ಬಿಡಿಸಿ ನೋಡಲು ಆಗುವುದಿಲ್ಲ. ಸೋಮಾರಿಯದು ಮಾತ್ರ ದೊಡ್ಡ ತಟ್ಟೆ, ನಿಧಾನದ ನಡೆ. ಹಿಂದೆ ಅದು ಎದ್ದಾಗ ತೀಯಾ ಇನ್ನೂ ವಿದ್ಯಾರ್ಥಿನಿ. ಆಗಿನ ಉಪಗ್ರಹವೊಂದು ನೋಡುತ್ತಿತ್ತು, ರೇಡಿಯೋದವರು ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಅದು ಮಲಗಿದ್ದು ಮಲಗಿದ್ದೇ, ಹತ್ತಿರ ಹತ್ತಿರ ನಲವತ್ತು ವರ್ಷ. ಅಷ್ಟರಲ್ಲಿ ತೀಯಾ ಮದುವೆಯಾಗಿ, ಗಂಡನನ್ನು ಮಣ್ಣು ಮಾಡಿ, ಹೊಸ ಉಪಗ್ರಹ ‘ಕೆಸ್ಟ್ರೆಲ್’ಗೆ ಎಕ್ಸ್-ರೇ ಕ್ಯಾಮೆರಾ ಕಟ್ಟಿಕೊಟ್ಟು, ನಿವೃತ್ತಳೂ ಆದಳು.

ನಾನು ರೂಬೆನ್. ಡಿಶ್‌ಗಳು ಯಾವ ಹೊತ್ತಿನಲ್ಲಿ ಯಾರಿಗೋಸ್ಕರ ಎತ್ತ ತಿರುಗಬೇಕು ಎಂದು ಸರದಿ ಹಾಕುವವನು. ತೀಯಾ ನನ್ನ ರಕ್ತಸಂಬಂಧಿಯಲ್ಲ, ಅಮ್ಮನ ಗೆಳತಿ. ಆದರೆ ನಮ್ಮ ಕಡೆ ಅಮ್ಮನ ಗೆಳತಿಯೆಂದರೆ ಚಿಕ್ಕಮ್ಮನೇ, ತೀಯಾನೇ. ಅವಳ ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆಯುತ್ತ ನಾನು ಬೆಳೆದೆ. ಖಗೋಳ ವಿಜ್ಞಾನಿಗಳ ಬಗ್ಗೆ ನನಗೆ ಅಂಥ ಭಕ್ತಿಯೇನಿಲ್ಲ. ದಿನವೂ ಒಂದೊಂದು ನಕ್ಷತ್ರದ ಹೆಸರು ಹೇಳಿಕೊಂಡು ನನ್ನ ತಲೆ ತಿನ್ನುವವರು ಅವರು. ತೀಯಾ ಬೇರೆ.

ಅವಳಿಗೆ ನಮ್ಮ ಕಡೆಯಿಂದ ಸಿಕ್ಕಿದ್ದು ಒಂದು ಕರೆ. ಅಂದರೆ ಅವಳು ‘ಈಗ’ ಎಂದ ಕ್ಷಣ ಯಾರ ಸರದಿ ನಡೆಯುತ್ತಿದ್ದರೂ ನಿಲ್ಲಿಸಿ, ಎಲ್ಲ ಡಿಶ್‌ಗಳನ್ನೂ ಎರಡು ದಿನ ಸೋಮಾರಿಯ ಕಡೆ ತಿರುಗಿಸಬೇಕು. ಒಮ್ಮೆ ಕರೆದರೆ ಮುಗಿಯಿತು. ಬೇಗ ಕರೆದರೆ ಎರಡು ದಿನ ಸುಮ್ಮನೆ ಕಳೆದು, ಚಿಮ್ಮುವ ಹೊತ್ತಿಗೆ ಡಿಶ್‌ಗಳು ಬೇರೆಯವರ ಪಾಲಾಗಿರುತ್ತವೆ. ತಡವಾದರೆ ಹೇಳುವುದೇ ಬೇಡ.

ಯಾವಾಗ ಕರೆಯಬೇಕು ಎಂಬುದಕ್ಕೆ ಅವಳು ಒಂದು ಕಟ್ಟುಪಾಡು ಮಾಡಿಕೊಂಡಳು. ಕೆಸ್ಟ್ರೆಲ್ ಉಪಗ್ರಹವನ್ನು ನೋಡಿಕೊಳ್ಳುವವನು ಥೆರಾನ್ ಬಕ್ಲಿ, ಬಾಸ್ಟನ್ನಿನ ಹತ್ತಿರ ಕೂರುತ್ತಾನೆ. ತೀಯಾಳ ಹಳೆಯ ಶಿಷ್ಯ. ತಲೆ ನರೆತರೂ ಇನ್ನೂ ಅವಳನ್ನು ಪ್ರೊಫೆಸರ್ ಎನ್ನುತ್ತಾನೆ. ಒಟ್ಟಿನಲ್ಲಿ ಗಡಸಿನ ಪಾಲು ಎಷ್ಟು ಎಂಬ ಒಂದೇ ಒಂದು ಅಂಕಿಯನ್ನು ಅವನು ಅವಳಿಗೆ ಆಗಾಗ ಕಳಿಸಬೇಕು. ಪೂರ್ತಿ ಮೆದುವಾಗುವುದಕ್ಕೆ ಒಂದೆರಡು ದಿನ ಮುಂಚೆಯೇ ಆ ಅಂಕಿ ಸ್ವಲ್ಪ ಸ್ವಲ್ಪ ಇಳಿಯಬೇಕು, ಇಳಿಯತೊಡಗಿದರೆ ಕರೆ. ಚಿತ್ರ ಬೇಡ, ಗೆರೆ ಬೇಡ, ಎಷ್ಟು ಬೆಳಗುತ್ತಿದೆ ಎಂಬ ಸುದ್ದಿಯೂ ಬೇಡ. ಯಾಕೆಂದು ನಾನು ಕೇಳಿದೆ.

"ನಂಗೆ ಅದು ಬೇಕು ಕಣೋ ರೂಬೆನ್," ಎಂದಳು, ಎರಡು ಉಸಿರಿನ ನಡುವೆ. "ವಿಪರೀತ ಬೇಕು. ಇಷ್ಟು ಆಸೆ ಇಟ್ಕೊಂಡವಳ ಕಣ್ಣಿಗೆ ಚಿತ್ರ ತೋರಿಸಿದ್ರೆ ಬೇಕಾದ್ದೇ ಕಾಣತ್ತೆ. ನನ್ನ ಕಣ್ಣನ್ನ ನಾನೇ ನಂಬಲ್ಲ."

ಆ ವಿಜ್ಞಾನಿಗಳ ಜಾತಿಗೆ ಇದೊಂದು ಮಡಿ. ಫಲ ಏನೆಂದು ತಿಳಿಯುವ ಮುಂಚೆ ನಿಯಮ ಬರೆದಿಟ್ಟು, ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದರಂತೆ ನಡೆಯುವುದು. ಒಳ್ಳೆಯ ಪದ್ಧತಿಯೇ ಇರಬೇಕು. ನನಗೆ ಅವತ್ತೇ ಅದು ಹಿಡಿಸಲಿಲ್ಲ.

ಅಕ್ಟೋಬರಿನಲ್ಲಿ ಸೋಮಾರಿ ಎದ್ದಿತು. ಸುದ್ದಿ ಬಂದಾಗ ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ, ಬಿಟ್ಟು ಅವಳ ಮನೆಗೆ ಗಾಡಿ ಓಡಿಸಿದೆ. ತೀಯಾ ಆಗಲೇ ಅಂಗಳದಲ್ಲಿ ಕೋಟು ಹಾಕಿಕೊಂಡು ನಿಂತಿದ್ದಳು, ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು. ಅವಳ ಗಂಡ ಸತ್ತ ಮೇಲೆ ಆ ಬಣ್ಣ ನಾನು ನೋಡಿರಲಿಲ್ಲ. ಯಾರ ಮದುವೆ ತೀಯಾ ಎಂದೆ. ಬಾಯಿ ಮುಚ್ಚಿಕೊಂಡು ಸಿಲಿಂಡರ್ ಎತ್ತು ಎಂದಳು. ಆ ದಿನದಿಂದ ಕಂಟ್ರೋಲ್ ರೂಮಿನ ಮೂಲೆಯ ಕುರ್ಚಿಯೇ ಅವಳ ಮನೆಯಾಯಿತು. ಬೆಳಗ್ಗೆ ಬಂದರೆ ಸಂಜೆಗೆ ನಾನೇ ಬಲವಂತವಾಗಿ ಎಬ್ಬಿಸಿ ಮನೆಗೆ ಬಿಡಬೇಕು. ರೇಡಿಯೋ ಕೆಲಸಕ್ಕೆ ಕತ್ತಲು ಬೇಕಿಲ್ಲ, ಹಗಲೂ ನಡೆಯುತ್ತದೆ. ಕಿಟಕಿಯಾಚೆ ಬಿಳಿಯ ಡಿಶ್‌ಗಳು ಬೇರೆ ಯಾವನದೋ ನಕ್ಷತ್ರಮಂಡಲದ ಕಡೆ ಮುಖ ಮಾಡಿ ನಿಂತಿದ್ದವು, ಅವುಗಳ ಕಾಲಡಿ ದನ ಮೇಯುತ್ತಿದ್ದವು.

ಥೆರಾನನ ಅಂಕಿ ಬರುತ್ತಿತ್ತು. ಬಂದಾಗಲೆಲ್ಲ ಅದೇ. ಗಡಸು. ಮರುದಿನವೂ ಗಡಸು. ಒಂದಿಷ್ಟೂ ಇಳಿಯದೆ ನಿಂತುಬಿಟ್ಟಿತ್ತು. ತೀಯಾ ಅದನ್ನು ಓದಿ ತಲೆಯಾಡಿಸಿ ಕಣ್ಣು ಮುಚ್ಚುವಳು.

ಅವಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದಳೇ ಹೊರತು ನಾನು ಕಟ್ಟಿಕೊಂಡಿರಲಿಲ್ಲ. ದೂರದರ್ಶಕ ಇಟ್ಟುಕೊಂಡ ಹವ್ಯಾಸಿಗಳು ಊರೂರಿನಿಂದ ಬರೆಯುತ್ತಿದ್ದರು, ಸೋಮಾರಿಯ ಜಾಗ ದಿನದಿಂದ ದಿನಕ್ಕೆ ಹೆಚ್ಚು ಬೆಳಗುತ್ತಿದೆ, ತಟ್ಟೆ ಉರಿಯುತ್ತಿದೆ ಎಂದು. ಅದನ್ನು ಅವಳಿಗೆ ಹೇಳುವ ಹಾಗಿರಲಿಲ್ಲ. ಮಂಗಳವಾರ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಸುದ್ದಿ ಏನೂ ಹೇಳಲ್ಲ, ಒಂದು ಮಾತು ಮಾತ್ರ ಹೇಳ್ತೀನಿ, ಕರೆದುಬಿಡು ಎಂದೆ.

"ಅಂಕಿ ಎಷ್ಟು?"

"ಅದೇ."

"ಹಾಗಾದ್ರೆ ಇಲ್ಲ."

"ನಿನ್ ಮನಸ್ಸು ಏನ್ ಹೇಳತ್ತೆ ತೀಯಾ?"

"ನನ್ ಮನಸ್ಸು ನಲವತ್ತು ವರ್ಷದಿಂದ ಈಗ ಈಗ ಅಂತಾನೇ ಹೇಳ್ತಿದೆ," ಎಂದಳು. "ಅದರ ಮಾತು ಕೇಳಿ ಕರೆದು, ನಾನೇ ಸರಿ ಅಂತ ಬಂದ್ರೆ, ಯಾರು ನಂಬ್ತಾರೆ? ನಾನೇ ನಂಬಲ್ಲ. ನಿನ್ ಕೆಲಸ ನೋಡ್ಕೋ ಹೋಗು."

ನಾನು ನನ್ನ ಕೆಲಸ ನೋಡಿಕೊಂಡೆ. ಅವಳು ಹೇಳದೆ ಡಿಶ್ ತಿರುಗಿಸಲು ನನಗೆ ಹಕ್ಕಿರಲಿಲ್ಲ, ಸರದಿಯಲ್ಲಿದ್ದವನು ಆರು ತಿಂಗಳು ಕಾದು ಬಂದವನು. ಬುಧವಾರವೂ ಅಂಕಿ ಅದೇ.

ಗುರುವಾರ ಬೆಳಗ್ಗೆ ದಕ್ಷಿಣ ಗೋಳಾರ್ಧದ ಯಾವುದೋ ರೇಡಿಯೋ ಕೇಂದ್ರದವರು ಬೇರೇನೋ ಹುಡುಕುತ್ತಿದ್ದಾಗ ಸೋಮಾರಿಯ ಜಾಗದಲ್ಲಿ ಭಾರಿ ಸದ್ದು ಕೇಳಿ ಲೋಕಕ್ಕೆಲ್ಲ ತಿಳಿಸಿದರು. ಸದ್ದು ಆಗಲೇ ಏರಿ, ಇಳಿಮುಖವಾಗಿತ್ತು. ನಾನು ಓದಿ ಹೇಳಿದೆ. ತೀಯಾ ನಳಿಗೆಯನ್ನು ಮೂಗಿಗೆ ಸರಿಯಾಗಿ ಸಿಕ್ಕಿಸಿಕೊಂಡಳು. ಆಮೇಲೆ, ತಿರುಗಿಸು ಎಂದಳು. ಡಿಶ್‌ಗಳು ಎಲ್ಲವೂ ಒಟ್ಟಿಗೆ, ತಮ್ಮ ಎಂದಿನ ನಿಧಾನದಲ್ಲಿ, ತಿರುಗಿದವು. ಚಿತ್ರ ಕಟ್ಟಿಕೊಂಡು ಬರುವ ಹೊತ್ತಿಗೆ ಊಟದ ಸಮಯ ಮೀರಿತ್ತು. ನಡುವೆ ರಂಧ್ರದ ಜಾಗ, ಅದರ ಆಚೆಗೊಂದು ಈಚೆಗೊಂದು ಉಂಡೆ, ಒಂದಕ್ಕೊಂದು ಬೆನ್ನು ತಿರುಗಿಸಿ ಆಗಲೇ ದೂರ ದೂರ ಹೋಗಿದ್ದವು. ನಾನು ಎಷ್ಟೋ ಸಾವಿರ ಚಿತ್ರ ನೋಡಿದ್ದೇನೆ, ಅಷ್ಟು ಚಂದದ್ದು ಕಡಿಮೆ. ಆದರೆ ಅವು ಹೊರಟ ಗಳಿಗೆ ನಮ್ಮ ಕೈತಪ್ಪಿತ್ತು.

"ಅಂಕಿ ಇಳಿದೇ ಇಲ್ವಲ್ಲ," ಎಂದಳು ತೀಯಾ. ಅವಳು ಇನ್ನೂ ಆ ಅಂಕಿಯನ್ನೇ ಹಿಡಿದುಕೊಂಡಿದ್ದಳು. ಮೊದಲು ಅವಳ ಮುಖದಲ್ಲಿ ಒಂದು ಬಗೆಯ ಬೆಳಕು ಬಂತು. ಎಕ್ಸ್-ರೇ ಇನ್ನೂ ಗಡಸಾಗಿಯೇ ಇದೆ, ಜೆಟ್ ಆಗಲೇ ಹೋಗಿದೆ ಎಂದರೆ ಅವಳೇ ಸರಿ ಎಂದಾಯಿತಲ್ಲ. ಅಷ್ಟು ಹೊತ್ತು ಮಾತ್ರ ಅವಳು ಸಂತೋಷವಾಗಿದ್ದಳು. ಆಮೇಲೆ ಥಟ್ಟನೆ ಕತ್ತೆತ್ತಿ, ಎಷ್ಟು ಬೆಳಗುತ್ತಿದೆ ಅದು, ನಿಜ ಹೇಳು ಎಂದಳು. ನಾನು ಹವ್ಯಾಸಿಗಳು ಬರೆದದ್ದನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ತಪ್ಪು ಎಲ್ಲಿ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಕ್ಯಾಮೆರಾ ಕಟ್ಟಿದವಳು ಅವಳೇ. ಅದರೊಳಗೆ ಸಣ್ಣ ಸಣ್ಣ ಮನೆಗಳಿವೆ. ಒಂದು ಮನೆಗೆ ಒಂದು ಎಕ್ಸ್-ರೇ ಕಣ ಬಿದ್ದರೆ ಕ್ಯಾಮೆರಾ ಅದರ ಶಕ್ತಿ ಅಳೆಯುತ್ತದೆ. ಅತಿಯಾಗಿ ಬೆಳಗುವಾಗ ಒಂದೇ ಮನೆಗೆ ಒಂದೇ ಸಲ ಎರಡು ಬೀಳುತ್ತವೆ. ಪಾಪ, ಕ್ಯಾಮೆರಾಗೆ ಗೊತ್ತಾಗುವುದಿಲ್ಲ, ಎರಡನ್ನೂ ಕೂಡಿಸಿ ಒಂದೇ ದೊಡ್ಡದು ಎಂದು ಬರೆದುಕೊಳ್ಳುತ್ತದೆ. ಎರಡು ಮೆದು ಸೇರಿ ಒಂದು ಗಡಸು ಆಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಕಾಯಿಲೆ, ಮದ್ದೂ ಇದೆ. ಬೆಳಕು ದಟ್ಟವಾಗಿ ಬೀಳುವ ಚಿತ್ರದ ನಡುಭಾಗವನ್ನು ಕತ್ತರಿಸಿ ಎಸೆದು, ಅಂಚಿನದನ್ನು ಮಾತ್ರ ಎಣಿಸಬೇಕು. ಬೆಳಕು ಹೆಚ್ಚಿದಂತೆ ಹೆಚ್ಚು ಅಗಲ ಕತ್ತರಿಸಬೇಕು. ಥೆರಾನ್ ಮೊದಲ ದಿನದ ಬೆಳಕಿಗೆ ಸರಿಯಾಗಿ ಕತ್ತರಿಸುವ ಅಳತೆ ಗೊತ್ತು ಮಾಡಿದ್ದ. ನಿಯಮ ಒಮ್ಮೆ ಬರೆದ ಮೇಲೆ ನಡುವೆ ಮುಟ್ಟಬಾರದು ಎಂದು ತೀಯಾಳೇ ಕಲಿಸಿದ್ದಳು. ಅವನು ಮುಟ್ಟಲಿಲ್ಲ. ಅವಳು ಚಿತ್ರವನ್ನು ಒಂದೇ ಒಂದು ಸಲ ನೋಡಿದ್ದರೆ, ನಡುವೆ ಹೊಗೆ ಕಟ್ಟಿದಂತಿರುವ ಆ ಗುರುತನ್ನು ಕಾಫಿ ಕುಡಿಯುತ್ತಲೇ ಹೇಳುತ್ತಿದ್ದಳು. ನೋಡಬಾರದೆಂದು ಶಪಥ ಮಾಡಿದ್ದಳು.

ಸಂಜೆಯೊಳಗೆ ಥೆರಾನ್ ಅಗಲವಾಗಿ ಕತ್ತರಿಸಿ ಮತ್ತೆ ಎಣಿಸಿ ಫೋನ್ ಮಾಡಿದ. ಎಕ್ಸ್-ರೇ ಮೆದುವಾಗಿದ್ದು ಮಂಗಳವಾರವೇ. ಅವನ ದನಿ ಅಳುವಿಗೆ ಹತ್ತಿರವಾಗಿತ್ತು. ತೀಯಾ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಂಡೆಗಳ ಲೆಕ್ಕ ಹಾಕು, ಎಷ್ಟು ಹೊತ್ತಿಗೆ ಹೊರಟವು ನೋಡೋಣ ಎಂದಷ್ಟೇ ಹೇಳಿದಳು.

ಉಳಿದಿದ್ದು ಅದೊಂದೇ ದಾರಿ. ಎರಡು ದಿನ ಉಂಡೆಗಳ ಓಟ ನೋಡಿ, ಆ ಓಟವನ್ನು ಹಿಂದಕ್ಕೆ ಎಳೆದರೆ ಹೊರಟ ಗಳಿಗೆ ಸಿಗಬೇಕು. ಸಿಕ್ಕಿತು. ಉಂಡೆಗಳು ಹೊರಟಾಗಿನಿಂದ ಒಂದೇ ವೇಗದಲ್ಲಿ ಓಡಿವೆ ಎಂದುಕೊಂಡರೆ ಅವು ಹೊರಟದ್ದು ಮೆದುವಾಗುವುದಕ್ಕೆ ಕೆಲವು ಗಂಟೆ ಮುಂಚೆ. ದಾರಿಯಲ್ಲಿನ ಅನಿಲಕ್ಕೆ ಡಿಕ್ಕಿ ಹೊಡೆದು ಕೊಂಚ ನಿಧಾನವಾಗಿವೆ ಎಂದುಕೊಂಡರೆ, ಮೊದಲು ಇನ್ನೂ ಜೋರಾಗಿ ಓಡಿ ಅಷ್ಟು ದೂರ ಬೇಗ ಮುಟ್ಟಿವೆ ಎಂದರ್ಥ, ಆಗ ಹೊರಟದ್ದು ಮೆದುವಾದ ಮೇಲೆ. ನಿಧಾನವಾದವೋ ಇಲ್ಲವೋ ಎಂದು ತಿಳಿಯಬೇಕಾದರೆ ಮೊದಲ ಒಂದು ದಿನದ ಚಿತ್ರ ಬೇಕು. ಆ ದಿನ ನಮ್ಮ ಡಿಶ್‌ಗಳು ಬೇರೆ ಕಡೆ ನೋಡುತ್ತಿದ್ದವು.

ಮುಂದಿನ ವಾರ ಥೆರಾನ್ ತಾನೇ ವಿಮಾನ ಹತ್ತಿ ಬಂದ. ತೀಯಾಳ ಅಡುಗೆಮನೆಯಲ್ಲಿ ಕೂತು, ನಾನು ಬಿಸಿ ಮಾಡಿಕೊಟ್ಟ ಪೊಸೋಲೆ ಎಂಬ ಮೆಕ್ಕೆಜೋಳದ ಗಂಜಿಯನ್ನು ಚಮಚದಿಂದ ಕಲಕುತ್ತಲೇ ಇದ್ದ, ಬಾಯಿಗಿಡಲಿಲ್ಲ. ಕೊನೆಗೆ ಹೇಳಿದ.

"ಪ್ರೊಫೆಸರ್, ಒಂದೇ ವೇಗ ಅಂತ ಇಟ್ಕೊಂಡೇ ಪ್ರಕಟಿಸೋಣ. ಎಷ್ಟೋ ಜನ ಹಾಗೆ ಮಾಡ್ತಾರೆ. ಸುಳ್ಳೇನಲ್ಲವಲ್ಲ. ನೀವು ಹೇಳಿದ್ದೇ ಸರಿ ಅಂತ ಬರತ್ತೆ. ನೀವಿದ್ದಾಗಲೇ ಬರತ್ತೆ."

ಕೊನೆಯ ಮಾತು ಅವನು ಆಡಬಾರದಿತ್ತು, ಆಡಿಬಿಟ್ಟ. ನಾನು ಒಲೆಯ ಕಡೆ ತಿರುಗಿಕೊಂಡೆ. ನನಗೆ ಅವನ ಮಾತು ಸರಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆ ಹೆಂಗಸಿಗೆ ಲೋಕ ಅಷ್ಟು ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

"ನಿಧಾನ ಆಗಿಲ್ಲ ಅಂತ ನಿಂಗೆ ಗೊತ್ತಾ ಥೆರಾನ್?"

"ಇಲ್ಲ."

"ನಂಗೂ ಗೊತ್ತಿಲ್ಲ. ಹಾಗಿದ್ರೆ ಹಾಗಂತಾನೇ ಬರಿ. ಹೇಳಕ್ಕಾಗಲ್ಲ ಅಂತ ಬರಿ. ಗಂಜಿ ಕುಡಿ, ಆರೋಗತ್ತೆ."

ಸೋಮಾರಿ ಮತ್ತೆ ಯಾವಾಗ ಏಳಬಹುದು ಎಂದು ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ತಟ್ಟೆ ಬರಿದಾಗಿದೆ, ಮತ್ತೆ ತುಂಬಬೇಕು. ಅಷ್ಟರಲ್ಲಿ ಥೆರಾನ್ ಇರುವುದಿಲ್ಲ, ಕೆಸ್ಟ್ರೆಲ್ ಇರುವುದಿಲ್ಲ, ಈ ಡಿಶ್‌ಗಳೂ ತುಕ್ಕು ಹಿಡಿದಿರುತ್ತವೆ. ಆಗ ನೋಡುವವರು ಯಾರೋ, ಅವರಿಗೆ ಈ ಪ್ರಶ್ನೆ ಬೇಕೋ ಬೇಡವೋ ಯಾರು ಬಲ್ಲರು.

ತೀಯಾ ಬಯಲು ಇಳಿದಳು. ಇನೆಸ್ ಬಂದು ಕರೆದುಕೊಂಡು ಹೋದಳು. ಕೆಳಗೆ ಹೋದರೆ ಉಸಿರಾಟ ಸಲೀಸಾಗುತ್ತದೆ ಎಂದಿದ್ದರು, ಹಾಗೇನೂ ಆಗಲಿಲ್ಲ. ಇಳಿಯುವುದು ತಡವಾಯಿತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ಇನೆಸ್ ಅದನ್ನು ನನಗೆ ಹೇಳುವಾಗ ಅವಳ ದನಿಯಲ್ಲಿ ನಮ್ಮ ಡಿಶ್‌ಗಳ ಮೇಲೂ ನನ್ನ ಮೇಲೂ ಇದ್ದ ಸಿಟ್ಟು ಚೆನ್ನಾಗಿಯೇ ಕೇಳಿಸಿತು.

ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬೆಳಗ್ಗೆ ತೀಯಾಳೇ ಫೋನ್ ಮಾಡಿದಳು. ಆಕ್ಸಿಜನ್ ಯಂತ್ರದ ಸದ್ದೇ ಹೆಚ್ಚು, ಅವಳ ಮಾತು ಕಡಿಮೆ. ನಮ್ಮ ಊರಿನ ಹಿಮ, ಅಮ್ಮನ ಮಂಡಿನೋವು, ಎಲ್ಲ ವಿಚಾರಿಸಿದಳು. ಇನ್ನೇನು ಫೋನ್ ಇಡುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಕೇಳಿದಳು.

"ರೂಬೆನ್, ನಿಂಗೇನ್ ಅನ್ನಿಸತ್ತೆ? ಮೊದಲು ಹೋಗಿದ್ದು ಜೆಟ್ಟೇ ಅಲ್ವಾ?"

ಅನ್ನಿಸಿಕೆಗಳನ್ನು ಜೀವಮಾನವಿಡೀ ಬಾಗಿಲಾಚೆ ನಿಲ್ಲಿಸಿದವಳು ಅವಳು. ನನ್ನಂಥವನ ಅನ್ನಿಸಿಕೆಯನ್ನು ಕೇಳುತ್ತಿದ್ದಳು.

"ಹೌದು ತೀಯಾ," ಎಂದೆ. "ಜೆಟ್ಟೇ ಮೊದಲು. ನೀನ್ ಹೇಳಿದ್ದೇ ಸರಿ."

ಯಂತ್ರ ಎಳೆಯಿತು, ಬಿಟ್ಟಿತು, ಎಳೆಯಿತು.

"ಥೆರಾನ್ ನಿನ್ನೆ ಫೋನ್ ಮಾಡಿ ಇದನ್ನೇ ಹೇಳಿದ," ಎಂದಳು. "ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ನೀವೆಲ್ಲ ನನ್ ಹತ್ರ ಒಳ್ಳೇ ಮಾತಾಡಕ್ಕೆ ಶುರು ಮಾಡಿದೀರಿ ಅಂದ್ರೆ ನಾನ್ ಆಗ್ಲೇ ಸತ್ತಿದೀನಿ ಅಂತ ಕಣೋ."

ಇಲ್ಲ ತೀಯಾ, ನಿಜವಾಗಿಯೂ ನನಗೆ ಹಾಗೇ ಅನ್ನಿಸುತ್ತದೆ ಎಂದು ನಾನು ಇನ್ನೂ ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ಫೋನ್ ಇನೆಸ್ ಕೈಗೆ ಹೋಗಿತ್ತು. ಅಮ್ಮನಿಗೆ ಸುಸ್ತಾಗಿದೆ ಎಂದು ಅವಳು ಇಟ್ಟುಬಿಟ್ಟಳು. ತೀಯಾ ಮತ್ತೆ ನನಗೆ ಫೋನ್ ಮಾಡಲಿಲ್ಲ.